ಕೋಚ್ ಹುಡುಕಲು ಮೂರು ದಾರಿ: ಸರ್ಚ್ ಫರ್ಮ್, ನಮ್ಮದೇ ಸಮಿತಿ, ಒಳಗಿನವರಿಗೆ ಬಡ್ತಿ

ಎರಡು ವರ್ಷದಲ್ಲಿ ಮೂರು ಕೋಚ್‌ಗಳ ನೇಮಕದಲ್ಲಿ ನಾನು ಕೂತಿದ್ದೆ. ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಸರ್ಚ್ ಫರ್ಮ್, ಅಂದರೆ ದುಡ್ಡು ತಗೊಂಡು ಅಭ್ಯರ್ಥಿಗಳನ್ನು ಹುಡುಕಿಕೊಡುವ ಕಂಪನಿ, ಇಟ್ಟುಕೊಂಡೆವು. ಮಹಿಳಾ ವಾಲಿಬಾಲ್‌ಗೆ ನಾವೇ ಸಮಿತಿ ಮಾಡಿ ಹುಡುಕಿದೆವು. ಸಾಫ್ಟ್‌ಬಾಲ್‌ಗೆ ತಂಡದಲ್ಲೇ ಇದ್ದ ಸಹಾಯಕ ಕೋಚ್‌ಗೆ ಬಡ್ತಿ ಕೊಟ್ಟೆವು. ನಾನು ಹಾಸನದ ಕಡೆಯವಳು. ಈಗಿರುವುದು ಅಮೆರಿಕದ ಒಹಾಯೋದಲ್ಲಿ, ಒಂದು ಸರ್ಕಾರಿ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ. ನೇಮಕಾತಿ ಮತ್ತು ಬಜೆಟ್ ನೋಡಿಕೊಳ್ಳುತ್ತೇನೆ.

ನಮ್ಮ ಕಡೆ ಕಾಲೇಜು ಕೋಚ್ ಅಂದರೆ ಪಿ.ಟಿ. ಮಾಸ್ತರು ನೆನಪಾಗುತ್ತಾರೆ. ಇಲ್ಲಿ ಕಥೆಯೇ ಬೇರೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ವಿಶ್ವವಿದ್ಯಾಲಯದ ಫುಟ್‌ಬಾಲ್ (ಇಲ್ಲಿ ಹಾಗೆಂದರೆ ಅಮೆರಿಕನ್ ಫುಟ್‌ಬಾಲ್) ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ನಮ್ಮದು ಅಷ್ಟು ದೊಡ್ಡ ಸಂಸ್ಥೆಯಲ್ಲ. ಆದರೂ ತಪ್ಪು ಆಯ್ಕೆ ಮಾಡಿದರೆ, ಒಪ್ಪಂದ ಮುರಿಯೋಕೆ ಕೊಡಬೇಕಾದ ಬಯ್‌ಔಟ್ ದುಡ್ಡು ನಮ್ಮ ಬೆನ್ನು ಮುರಿಯುತ್ತದೆ.

ಮೊದಲು ಫರ್ಮ್ ವಿಚಾರ. ಸರ್ಚ್ ಫರ್ಮ್ ಮಾಡುವುದು ಹೆಚ್ಚುಕಡಿಮೆ ಮದುವೆ ದಲ್ಲಾಳಿ ಕೆಲಸ. ಬೇರೆ ಕಡೆ ಕೆಲಸದಲ್ಲಿರುವ ಕೋಚ್‌ಗೆ ನಮ್ಮ ಅಥ್ಲೆಟಿಕ್ ಡೈರೆಕ್ಟರ್ (ಕ್ರೀಡಾ ವಿಭಾಗದ ಮುಖ್ಯಸ್ಥರು) ನೇರವಾಗಿ ಫೋನ್ ಮಾಡಿದರೆ ಸುದ್ದಿಯಾಗುತ್ತದೆ. ಫರ್ಮ್‌ನವರು ಮಾಡಿದರೆ ಆಗುವುದಿಲ್ಲ. 'ನಾನು ಯಾರ ಹತ್ತಿರವೂ ಮಾತಾಡಿಲ್ಲ' ಎಂದು ಆ ಕೋಚ್ ತನ್ನ ಹುಡುಗರ ಮುಂದೆ ಹೇಳಬಹುದು. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ನಮ್ಮ ಇಮೇಲ್‌ಗಳನ್ನು ಪತ್ರಕರ್ತರು ಕೇಳಿ ಪಡೆಯಬಹುದು. ಅಭಿಮಾನಿಗಳಂತೂ ಖಾಸಗಿ ವಿಮಾನ ಎಲ್ಲಿಂದ ಎಲ್ಲಿಗೆ ಹಾರಿತು ಎಂದು ಕಂಪ್ಯೂಟರ್ ಮುಂದೆ ಕೂತು ನೋಡುತ್ತಿರುತ್ತಾರೆ. ಈ ಗುಟ್ಟು ಕಾಪಾಡುವುದರಲ್ಲಿ ಫರ್ಮ್ ನಿಜಕ್ಕೂ ನಿಪುಣ. ಸಂದರ್ಶನ ನಡೆದದ್ದು ಊರಾಚೆ, ವಿಮಾನ ನಿಲ್ದಾಣದ ಪಕ್ಕದ ಹೋಟೆಲ್‌ನಲ್ಲಿ. ಒಬ್ಬ ಅಭ್ಯರ್ಥಿ ಮುಂದಿನ ಲಿಫ್ಟ್‌ನಲ್ಲಿ ಇಳಿದರೆ ಇನ್ನೊಬ್ಬರು ಹಿಂದಿನ ಬಾಗಿಲಿಂದ ಬರುತ್ತಿದ್ದರು. ಮಧ್ಯೆ ಎರಡು ಗಂಟೆ ಅಂತರ. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

ವೇಗವೂ ಬೇಕಿತ್ತು. ಅದು 2023ರ ಮಾರ್ಚ್. ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ಬರೆಸುವ ಆನ್‌ಲೈನ್ ಪಟ್ಟಿ, ತೆರೆದಿತ್ತು. 2021ರಲ್ಲಿ ನಿಯಮ ಸಡಿಲವಾದ ಮೇಲೆ ಆಟಗಾರರು ಒಂದು ವರ್ಷ ಸುಮ್ನೆ ಕೂರದೆ ಬೇರೆ ಕಾಲೇಜಿಗೆ ಹೋಗಿ ಆಡಬಹುದು. ಕೋಚ್ ಇಲ್ಲದ ಒಂದೊಂದು ದಿನವೂ ಒಬ್ಬೊಬ್ಬ ಹುಡುಗ ಕೈಬಿಟ್ಟು ಹೋಗುವ ಭಯ. ಫರ್ಮ್ ಹತ್ತೇ ದಿನದಲ್ಲಿ ಕೊನೆಯ ನಾಲ್ಕು ಹೆಸರು ತಂದು ಕೊಟ್ಟಿತು. ಏಜೆಂಟರ ಜೊತೆ ಸಂಬಳದ ಮಾತೂ ಅವರೇ ಶುರು ಮಾಡಿದ್ದರು. ನಮ್ಮಿಂದ ಅಷ್ಟು ಬೇಗ ಆಗುತ್ತಿರಲಿಲ್ಲ.

ಬ್ಯಾಕ್‌ಗ್ರೌಂಡ್ ಚೆಕ್ ಕೂಡ ಅಚ್ಚುಕಟ್ಟು. ಇದನ್ನು ಹಗುರವಾಗಿ ನೋಡಬಾರದು. 2001ರಲ್ಲಿ ನೋಟ್ರ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆಗಿ ಬಂದ ಜಾರ್ಜ್ ಓಲಿಯರಿ ಐದೇ ದಿನದಲ್ಲಿ ರಾಜೀನಾಮೆ ಕೊಡಬೇಕಾಯಿತು. ಪಡೆಯದ ಸ್ನಾತಕೋತ್ತರ ಪದವಿ ಅವರ ಬಯೋಡೇಟಾದಲ್ಲಿತ್ತು. 2014ರಲ್ಲಿ ಸ್ಟೀವ್ ಮಸಿಯೆಲ್ಲೊ ಅವರನ್ನು ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯ ಬ್ಯಾಸ್ಕೆಟ್‌ಬಾಲ್ ಕೋಚ್ ಮಾಡಿಕೊಳ್ಳುವುದು ಬಹುತೇಕ ಖಚಿತವಾಗಿತ್ತು. ಡಿಗ್ರಿ ಮುಗಿದಿಲ್ಲ ಎಂದು ಪರಿಶೀಲನೆಯಲ್ಲಿ ಗೊತ್ತಾಗಿ ಒಪ್ಪಂದ ಮುರಿದುಬಿತ್ತು. ಒಂದನ್ನು ಮೊದಲೇ ಹಿಡಿದರು, ಇನ್ನೊಂದು ಊರೆಲ್ಲ ಡಂಗುರವಾದ ಮೇಲೆ ಬಯಲಾಯಿತು. ಎಷ್ಟು ವ್ಯತ್ಯಾಸ ಅಲ್ವಾ?

ಆದರೆ ಒಂದು ವಿಷಯದಲ್ಲಿ ಫರ್ಮ್ ನಮ್ಮ ಕೈಬಿಟ್ಟಿತು. ನನಗೆ ಇವತ್ತಿಗೂ ಆ ಬೇಸರ ಹೋಗಿಲ್ಲ. ಕೊನೆಯ ನಾಲ್ವರಲ್ಲಿ ಒಬ್ಬರ ಬಗ್ಗೆ ಅವರು ಕೊಟ್ಟ ವರದಿ ದಪ್ಪಗಿತ್ತು. ಅಂಕಿ ಅಂಶ, ಗೆಲುವು ಸೋಲು, ಪದವಿ ಪಡೆದ ಹುಡುಗರ ಲೆಕ್ಕ, ಎಲ್ಲ ಇತ್ತು. ರೆಫರೆನ್ಸ್ ಕೊಟ್ಟವರ ಹೆಸರು ನೋಡಿದೆ. ಎಲ್ಲರೂ ಮೇಲಧಿಕಾರಿಗಳೇ. ಆ ಕೋಚ್ ಕೈಕೆಳಗೆ ಇದ್ದವರು ಒಬ್ಬರೂ ಇಲ್ಲ. ಅವರ ಹಳೆಯ ತಂಡದಲ್ಲಿ ಆಟಗಾರರ ಕಣಕಾಲಿಗೆ ಟೇಪ್ ಸುತ್ತುತ್ತಿದ್ದ ಟ್ರೇನರ್ ಒಬ್ಬರ ನಂಬರ್ ಹುಡುಕಿ ಫೋನ್ ಮಾಡಿದೆ. 'ಗಾಯ ಆದ ಹುಡುಗ ಆಡಬಾರದು ಅಂತ ನೀವು ಹೇಳಿದಾಗ ಅವರು ಏನು ಮಾಡುತ್ತಿದ್ದರು?' ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, 'ನನ್ನನ್ನು ಕೇಳೋದನ್ನೇ ನಿಲ್ಲಿಸಿದರು' ಎಂದರು. ಇನ್ನೂ ಇಬ್ಬರನ್ನು ವಿಚಾರಿಸಿದೆ. ಅದೇ ಮಾತು. ಆ ಹೆಸರನ್ನು ಕೈಬಿಟ್ಟೆವು. ಮೂರು ಫೋನ್ ಕರೆ, ಒಂದು ಸಂಜೆ. ಹತ್ತಾರು ಸಾವಿರ ಡಾಲರ್ ಫೀಸಿನಲ್ಲಿ ಅದು ಸೇರಿರಲಿಲ್ಲ.

ಇದು ನಮಗೊಬ್ಬರಿಗೇ ಆದದ್ದಲ್ಲ. 2013ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯ ಹೊಸ ಅಥ್ಲೆಟಿಕ್ ಡೈರೆಕ್ಟರ್ ಹುಡುಕಲು ಫರ್ಮ್‌ಗೆ 70,000 ಡಾಲರ್ ಕೊಟ್ಟಿತ್ತು. ಆಯ್ಕೆ ಪ್ರಕಟವಾದ ಕೆಲವೇ ದಿನಕ್ಕೆ, ಆಕೆ ಹಿಂದೆ ವಾಲಿಬಾಲ್ ಕೋಚ್ ಆಗಿದ್ದಾಗ ಆಟಗಾರ್ತಿಯರು ಬರೆದಿದ್ದ ದೂರಿನ ಪತ್ರ ಪತ್ರಿಕೆಯಲ್ಲಿ ಬಂತು. ಆಕೆ ಆರೋಪ ಒಪ್ಪಲಿಲ್ಲ, ವಿಶ್ವವಿದ್ಯಾಲಯವೂ ಆಕೆಯ ಬೆನ್ನಿಗೆ ನಿಂತಿತು. ಯಾರು ಸರಿ ಎಂದು ನಾನು ಹೇಳುತ್ತಿಲ್ಲ. ಆ ಹುಡುಗಿಯರನ್ನು ಮೊದಲೇ ಕೇಳಬೇಕಿತ್ತು, ಅಷ್ಟೇ.

ವಾಲಿಬಾಲ್ ಕೋಚ್ ಹುದ್ದೆ ಖಾಲಿಯಾದಾಗ ಫರ್ಮ್‌ಗೆ ದುಡ್ಡಿರಲಿಲ್ಲ. ಐದು ಜನರ ಸಮಿತಿ ಮಾಡಿದೆವು. ಅದರಲ್ಲಿ ಇಬ್ಬರು ಆಟಗಾರ್ತಿಯರು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎಯ ಉದ್ಯೋಗ ತಾಣದಲ್ಲಿ ಜಾಹೀರಾತು ಹಾಕಿದೆವು. ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಜೊತೆಗೇ ವಾಲಿಬಾಲ್ ಕೋಚ್‌ಗಳ ಸಮಾವೇಶವೂ ನಡೆಯುತ್ತದೆ. ಅಲ್ಲಿಗೆ ಹೋಗಿ ಹೋಟೆಲ್ ಲಾಬಿಯಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿದೆವು. ನಿಧಾನ, ನಿಜ. ಏಳು ವಾರ ಹಿಡಿಯಿತು. ಕ್ರಿಸ್‌ಮಸ್ ರಜೆಯಲ್ಲೂ ಅರ್ಜಿ ಓದಿದ್ದೇನೆ. ಗುಟ್ಟೂ ಉಳಿಯಲಿಲ್ಲ. ಹೆಸರು ಹೊರಗೆ ಬಿತ್ತೆಂದು ಒಳ್ಳೆಯ ಅಭ್ಯರ್ಥಿಯೊಬ್ಬರು ಅರ್ಜಿ ವಾಪಸ್ ತಗೊಂಡರು. ಅದು ನಮಗಾದ ನಷ್ಟವೇ.

ಆದರೆ ಹೋಟೆಲ್ ಕೋಣೆಯಲ್ಲಿ ಕಾಣದ್ದು ಇಲ್ಲಿ ಕಂಡಿತು. ಕೊನೆಯ ಮೂವರಿಗೆ ತಲಾ ಒಂದು ಗಂಟೆ ನಮ್ಮ ತಂಡಕ್ಕೆ ಪ್ರಾಕ್ಟೀಸ್ ಮಾಡಿಸಲು ಹೇಳಿದೆವು. ಮೊದಲಿನವರು ಚೆನ್ನಾಗಿ ಮಾತಾಡಿದರು, ಆದರೆ ಮಾತೇ ಜಾಸ್ತಿಯಾಯಿತು. ಎರಡನೆಯವರು ಬೇಗ ಮುಗಿಸಿ ಹೊರಟರು. ಮೂರನೆಯವರು ಬಂದ ಕೂಡಲೇ ಎಲ್ಲರ ಹೆಸರು ಕೇಳಿ ಬೆಳ್ಳಗಿನ ಟೇಪಿನ ಮೇಲೆ ಬರೆದು ಅವರವರ ಭುಜಕ್ಕೆ ಅಂಟಿಸಿದರು. ಹತ್ತು ನಿಮಿಷಕ್ಕೆ ಟೇಪ್ ನೋಡದೆ ಹೆಸರು ಹಿಡಿದು ಕರೆಯುತ್ತಿದ್ದರು. ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವ) ಹುಡುಗಿ ಮೂರು ಸಲ ತಪ್ಪು ಕಡೆ ಚೆಂಡು ಕೊಟ್ಟಳು. ಆಟ ನಿಲ್ಲಿಸಿ, ಪಕ್ಕಕ್ಕೆ ಕರೆದು, ಅವಳಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಏನೋ ಹೇಳಿದರು. ನಾಲ್ಕನೇ ಸಲ ಚೆಂಡು ಸರಿಯಾದ ಜಾಗಕ್ಕೆ ಬಂತು. ಸಮಿತಿಯ ಇಬ್ಬರು ಹುಡುಗಿಯರೂ ನನ್ನ ಕಡೆ ತಿರುಗಿ ನೋಡಿದರು. ಅವರೇ ಈಗ ನಮ್ಮ ಕೋಚ್.

ಮೂರನೆಯ ದಾರಿ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬೇಗ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮನಸ್ಸು ಇಲ್ಲೂ ಇದೆ. ಆದರೆ ಇತಿಹಾಸ ಬೇರೆ ಹೇಳುತ್ತದೆ. 1989ರಲ್ಲಿ ಮಿಷಿಗನ್‌ನ ಸಹಾಯಕ ಕೋಚ್ ಸ್ಟೀವ್ ಫಿಶರ್ ಟೂರ್ನಿ ಶುರುವಾಗುವ ಹೊತ್ತಿಗೆ ಹಂಗಾಮಿಯಾಗಿ ತಂಡ ವಹಿಸಿಕೊಂಡು ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ಪನ್ನೇ ಗೆದ್ದರು. 2008ರಲ್ಲಿ ಕ್ಲೆಮ್ಸನ್ ಫುಟ್‌ಬಾಲ್ ತಂಡದ ಹಂಗಾಮಿ ಕೋಚ್ ಆದ ಡ್ಯಾಬೊ ಸ್ವಿನ್ನಿ ಆಮೇಲೆ 2016 ಮತ್ತು 2018ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದರು. ನಮ್ಮ ಸಾಫ್ಟ್‌ಬಾಲ್ ಸಹಾಯಕಿಗೆ ಬಡ್ತಿ ಕೊಟ್ಟಾಗ ಒಬ್ಬ ಆಟಗಾರ್ತಿಯೂ ತಂಡ ಬಿಡಲಿಲ್ಲ. ಯಾವ ಹುಡುಗಿಯ ಅಮ್ಮನಿಗೆ ಹುಷಾರಿಲ್ಲ, ಯಾರು ರಾತ್ರಿ ನಿದ್ದೆ ಮಾಡುತ್ತಿಲ್ಲ, ಎಲ್ಲ ಅವರಿಗೆ ಗೊತ್ತಿತ್ತು. ಕೊರತೆಯೂ ಇದೆ. ಹಳೆಯ ಕೋಚ್ ಹಾಕಿದ ಕಸರತ್ತಿನ ಪಟ್ಟಿಯನ್ನು ಬದಲಿಸಲು ಅವರಿಗೆ ಒಂದು ವರ್ಷ ಬೇಕಾಯಿತು. ನಿನ್ನೆವರೆಗೆ ಜೊತೆ ಕೂತು ಊಟ ಮಾಡುತ್ತಿದ್ದವರಿಗೆ ಇವತ್ತು ಬುದ್ಧಿ ಹೇಳುವುದು ಕಷ್ಟ. ಹೊರಗಿನ ಒಬ್ಬರನ್ನಾದರೂ ಸಂದರ್ಶನ ಮಾಡಿ ಹೋಲಿಸಿ ನೋಡದೆ ಬಡ್ತಿ ಕೊಟ್ಟದ್ದು ನಾವು ಮಾಡಿದ ತಪ್ಪು.

ಫರ್ಮ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಪುರುಷರ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ತರಹದ ಆಟಕ್ಕೆ, ಕೆಲಸದಲ್ಲಿರುವ ಕೋಚನ್ನೇ ಎಳೆದು ತರಬೇಕಿದ್ದರೆ, ಮತ್ತೆ ಇಟ್ಟುಕೊಳ್ಳೋಣ ಎಂದೇ ಹೇಳುತ್ತೇನೆ. ಉಳಿದ ಆಟಗಳಿಗೆ ಅಷ್ಟು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಆ ದುಡ್ಡಲ್ಲಿ ತಂಡಕ್ಕೆ ಇನ್ನೊಬ್ಬ ಟ್ರೇನರ್ ಸಿಗುತ್ತಾರೆ.

ಈಗ ಮಹಿಳಾ ಸಾಕರ್ (ನಮ್ಮ ಕಡೆ ಫುಟ್‌ಬಾಲ್ ಅನ್ನುವ ಆಟ) ಕೋಚ್ ಹುದ್ದೆ ಖಾಲಿ ಇದೆ. ಡಿಗ್ರಿ ಮತ್ತು ಪೊಲೀಸ್ ದಾಖಲೆ ಪರಿಶೀಲನೆಯನ್ನು ಮಾತ್ರ ಹೊರಗಿನವರಿಗೆ ಕೊಡೋಣ, ಹುಡುಕಾಟ ನಮ್ಮದೇ ಇರಲಿ ಎಂದು ಬರೆದುಕೊಟ್ಟಿದ್ದೇನೆ. ಸಮಿತಿಯಲ್ಲಿ ಇಬ್ಬರು ಆಟಗಾರ್ತಿಯರು ಇರುತ್ತಾರೆ, ಪ್ರಾಕ್ಟೀಸ್ ಇರುತ್ತದೆ, ನಮ್ಮ ಸಹಾಯಕ ಕೋಚ್ ಕೂಡ ಎಲ್ಲರ ಹಾಗೆ ಅರ್ಜಿ ಹಾಕುತ್ತಾರೆ. ಟ್ರೇನರ್‌ಗಳಿಗೆ ಫೋನ್ ಮಾಡುವ ಕೆಲಸ ನನಗೇ ಇರಲಿ ಎಂದು ಕೇಳಿಕೊಂಡಿದ್ದೇನೆ.