ಕೆಂಪು ಬುಷ್‌ಗೆ ಮರುಳಾಗಿ ಆಕ್ಸಲ್ ಬ್ರಾಕೆಟ್ ಬಿರುಕು ಬಿಡಿಸಿಕೊಂಡೆ

ಜಿಮ್ನಿ, ಗೂರ್ಖಾ, ಥಾರ್‌ನಂಥ ಗಾಡಿ ಇಟ್ಟುಕೊಂಡು ಗದ್ದೆ ಗುಡ್ಡ ಅಲೆಯುವವರು ಸಸ್ಪೆನ್ಷನ್ ಬುಷ್ (ಕೀಲುಗಳಲ್ಲಿ ಕೂರುವ ಮೆತ್ತನೆಯ ಬಳೆ) ಬದಲಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ, ಆಮೇಲೆ ಹಣ ಕೊಡಿ. ನಾನು ಕೊಟ್ಟ ಮೇಲೆ ಓದಿ ತಿಳಿದವನು. ಹನ್ನೊಂದು ತಿಂಗಳಲ್ಲಿ ಒಂದೇ ಜಾಗಕ್ಕೆ ಮೂರು ಸಲ ಬುಷ್ ಹಾಕಿಸಿದ್ದೇನೆ. ಜೊತೆಗೆ ಮುಂದಿನ ಆಕ್ಸಲ್‌ನ ಒಂದು ಬ್ರಾಕೆಟ್‌ಗೆ, ಅಂದರೆ ಬೋಲ್ಟ್ ಹಿಡಿಯುವ ಉಕ್ಕಿನ ಕೊಂಡಿಗೆ, ಬೆಸುಗೆ ಬಿದ್ದಿದೆ. ಗಾಡಿಯದೇನೂ ತಪ್ಪಿಲ್ಲ. ತಪ್ಪು ಅರ್ಧ ಮಾರಿದವನದು, ಅರ್ಧ ನನ್ನದು.

ಮನೆ ಮೈಸೂರಿನಲ್ಲಿ, ದೊಡ್ಡಪ್ಪನ ಜಮೀನು ಪಾಂಡವಪುರದ ಕಡೆ. ವಾರಕ್ಕೊಮ್ಮೆಯಾದರೂ ಹೋಗಿಬರುತ್ತೇನೆ. ಶ್ರೀರಂಗಪಟ್ಟಣದವರೆಗೆ ರಸ್ತೆ ನುಣುಪು, ಕೊನೆಯ ಮೂರು ಕಿಲೋಮೀಟರ್ ಮಾತ್ರ ನಾಲೆ ಏರಿಯ ಮೇಲೆ. ಕಬ್ಬು ಕಡಿಯುವ ಕಾಲದಲ್ಲಿ ಲೋಡು ತುಂಬಿದ ಟ್ರ್ಯಾಕ್ಟರ್‌ಗಳು ಅಲ್ಲಿ ಮೊಳಕಾಲು ಮುಳುಗುವ ಜಾಡು ಕೊರೆದಿರುತ್ತವೆ. 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂದಾಗ ಈ ಏರಿಯನ್ನು ನೆನೆದುಕೊಂಡೇ ಕೊಂಡೆ. ಮರುವರ್ಷ ಎರಡು ಇಂಚು ಎತ್ತರಿಸುವ ಸ್ಪ್ರಿಂಗ್ ಹಾಕಿಸಿದೆ. ಅಲ್ಲಿಗೆ ಸುಮ್ಮನಾಗಿದ್ದರೆ ಈ ಬರಹವೇ ಬೇಕಿರಲಿಲ್ಲ.

ಬಿಡಿಭಾಗ ಮಾರುವ ಒಬ್ಬ ಮಹಾಶಯ ಫೋನಿನಲ್ಲಿ ಸಿಕ್ಕಿದ. ಹೆಸರು ಬೇಡ, ಅವನಂಥವರು ಊರಿಗೆ ಹತ್ತು ಜನ ಇದ್ದಾರೆ. "ಕಂಪನಿಯ ರಬ್ಬರ್ ಬುಷ್ ಮೆತ್ತಗೆ ಸರ್, ಆಫ್‌ರೋಡಿಗೆ ತಡೆಯುವುದಿಲ್ಲ. ಪಾಲಿ ಹಾಕಿಸಿ, ಲೈಫ್‌ಟೈಮ್ ಮಾಲು. ಎಷ್ಟು ಗಟ್ಟಿಯೋ ಅಷ್ಟು ಒಳ್ಳೆಯದು" ಎಂದ. ನನ್ನ ರಬ್ಬರ್ ಬುಷ್‌ಗಳು ಹರಿದಿದ್ದವೇ? ಇಲ್ಲ. ಶಬ್ದ ಬರುತ್ತಿತ್ತೇ? ಅದೂ ಇಲ್ಲ. ಗಾಡಿ ಹದಿನಾಲ್ಕು ಸಾವಿರ ಕಿಲೋಮೀಟರ್ ಓಡಿತ್ತು ಅಷ್ಟೇ. ಆದರೆ ಅವನು ಕಳುಹಿಸಿದ ಫೋಟೋದಲ್ಲಿ ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಬುಷ್‌ಗಳು ಜಾತ್ರೆಯ ಮಿಠಾಯಿಯ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ಮುಂದಿನ ಆಕ್ಸಲ್ ಅನ್ನು ಗಾಡಿಯ ಛಾಸಿಗೆ (ಚೌಕಟ್ಟಿಗೆ) ಹಿಡಿದಿಡುವ ತೋಳುಗಳಾದ ರೇಡಿಯಸ್ ಆರ್ಮ್‌ಗಳಿಗೆ ಆರು ಬುಷ್ ತರಿಸಿದೆ. ಗಾಡಿ ಎತ್ತರಿಸಿದ್ದರಿಂದ ಆಕ್ಸಲ್ ಒಂದು ಪಕ್ಕಕ್ಕೆ ಸರಿದಿತ್ತು, ಅದನ್ನು ಸರಿಪಡಿಸಲು ಆಕ್ಸಲ್ ಅನ್ನು ಅಡ್ಡಕ್ಕೆ ಛಾಸಿಗೆ ಹಿಡಿದಿಡುವ, ಉದ್ದ ಹೊಂದಿಸಬಲ್ಲ ಪ್ಯಾನ್‌ಹಾರ್ಡ್ ರಾಡ್ ಕೂಡ ಬೇಕಿತ್ತು. ಅದಕ್ಕೆ ಎರಡೂ ತುದಿಯಲ್ಲಿ ಉಕ್ಕಿನ ಗುಂಡಿರುವ ರಾಡ್ ಎಂಡ್. "ರೇಸ್ ಗಾಡಿಗಳಿಗೆ ಇದೇ ಸರ್" ಎಂದ. ರೇಸ್ ಗಾಡಿಗಳು ವಾರಕ್ಕೊಮ್ಮೆ ನಾಲೆ ಏರಿಯ ಧೂಳು ಕುಡಿಯುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೊದಲ ತಿಂಗಳು ಖುಷಿಯಾಗಿಯೇ ಇದ್ದೆ, ಸುಳ್ಳೇಕೆ ಹೇಳಲಿ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಗಾಡಿ ಮೊದಲಿನಷ್ಟು ವಾಲುತ್ತಿರಲಿಲ್ಲ, ಸ್ಟೀರಿಂಗ್ ಚುರುಕಾಗಿತ್ತು. ಎರಡನೆಯ ತಿಂಗಳಿಗೆ ಹಳೆಯ ಮಂಚದಂತೆ ಕಿರುಗುಟ್ಟಲು ಶುರುವಾಯಿತು. ಪಾಲಿ ಬುಷ್ ತನ್ನೊಳಗಿನ ಉಕ್ಕಿನ ಕೊಳವೆಯ ಮೇಲೆ ಜಾರಿ ತಿರುಗುತ್ತದೆ, ಗ್ರೀಸ್ ಒಣಗಿದರೆ ಕೂಗುತ್ತದೆ. ಬಿಚ್ಚಿ ಗ್ರೀಸ್ ಹಚ್ಚಿಸಿದೆ, ಕೂಗು ನಿಂತಿತು.

ನಾಲ್ಕನೆಯ ತಿಂಗಳಲ್ಲಿ, ಮಳೆ ನಿಂತ ಮೇಲೆ, ಏರಿಯಿಂದ ಹೊಲಕ್ಕೆ ಇಳಿಯುವ ಓರೆ ದಾರಿಯಲ್ಲಿ ಗಾಡಿ ಸಿಕ್ಕಿಕೊಂಡಿತು. ಹಿಂದಿನ ವರ್ಷ ಕಂಪನಿಯ ಬುಷ್‌ನಲ್ಲೇ ಹತ್ತಾರು ಸಲ ಇಳಿದ ಜಾಗ ಅದು. ಈ ಸಲ ಬಲ ಮುಂಚಕ್ರ ದಿಬ್ಬ ಹತ್ತಿತು, ಎಡ ಮುಂಚಕ್ರ ಜಾಡಿಗೆ ಇಳಿಯದೆ ಗಾಳಿಯಲ್ಲಿ ತೂಗಿ ಸುಮ್ಮನೆ ತಿರುಗತೊಡಗಿತು. ಕೆಳಗಿನಿಂದ ಒಮ್ಮೆ ಟಕ್ ಎಂದಿತು. ದೊಡ್ಡಪ್ಪ ಟ್ರ್ಯಾಕ್ಟರ್ ತಂದು ಎಳೆಯುವಾಗ, "ಅಲ್ಲಪ್ಪ, ಹೋದ ವರ್ಷ ಇದೇ ಗಾಡಿ ಇಲ್ಲೇ ಬೆಕ್ಕಿನ ಹಾಗೆ ಇಳಿದು ಹೋಗುತ್ತಿತ್ತಲ್ಲ, ಈಗೇನಾಯಿತು?" ಎಂದರು. ಎಂಟು ಸಾವಿರ ಖರ್ಚು ಮಾಡಿ ಸುಧಾರಿಸಿದ್ದೇನೆ ಎಂದು ಹೇಗೆ ಹೇಳುವುದು?

ಏನಾಗಿತ್ತು ಎಂಬುದನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಬ್ಬ ಹಿರಿಯ ಲೇತ್ ಮೇಸ್ತ್ರಿ ತೋರಿಸಿಕೊಟ್ಟರು. ಜಿಮ್ನಿಯ ಮುಂದಿನ ಆಕ್ಸಲ್ ಒಂದೇ ಗಟ್ಟಿ ದಿಂಡು. ಎರಡೂ ಬದಿಯಲ್ಲಿ ಒಂದೊಂದು ರೇಡಿಯಸ್ ಆರ್ಮ್. ಒಂದೊಂದು ಆರ್ಮ್‌ಗೂ ಛಾಸಿಯ ತುದಿಯಲ್ಲಿ ಒಂದು ಬುಷ್, ಆಕ್ಸಲ್ ತುದಿಯಲ್ಲಿ ಎರಡು. ಆ ಎರಡು ಬುಷ್‌ಗಳು ಆರ್ಮ್ ಅನ್ನು ಆಕ್ಸಲ್‌ಗೆ ಕಚ್ಚಿ ಹಿಡಿದಿರುತ್ತವೆ. ಒಂದು ಚಕ್ರ ಮೇಲೇರಿ ಇನ್ನೊಂದು ಕೆಳಗಿಳಿದಾಗ ಎರಡು ಆರ್ಮ್‌ಗಳೂ ಬೇರೆ ಬೇರೆ ಕೋನಕ್ಕೆ ತಿರುಗುತ್ತವೆ, ಅಂದರೆ ಆಕ್ಸಲ್ ಅನ್ನು ಬಟ್ಟೆ ಹಿಂಡಿದ ಹಾಗೆ ಹಿಂಡಲು ಹೊರಡುತ್ತವೆ. ಉಕ್ಕಿನ ಹೌಸಿಂಗ್ ಹೊರಳುವುದಿಲ್ಲ, ಹೊರಳಬೇಕಾದ್ದು ಬುಷ್‌ನ ರಬ್ಬರ್. ಆ ಜಾಗದಲ್ಲಿ ಮೆತ್ತನೆಯ ರಬ್ಬರ್ ದೌರ್ಬಲ್ಯವಲ್ಲ, ಅದೇ ಕೀಲು. ಅದನ್ನು ಗಟ್ಟಿ ಮಾಡಿದರೆ ಇಡೀ ಆಕ್ಸಲ್ ಒಂದು ದಪ್ಪ ಆ್ಯಂಟಿ ರೋಲ್ ಬಾರ್ (ಗಾಡಿ ವಾಲದಂತೆ ಎರಡೂ ಚಕ್ರಗಳನ್ನು ಕಟ್ಟಿಹಾಕುವ ಸರಳು) ಆಗಿಬಿಡುತ್ತದೆ. ಬೆಟ್ಟದ ತಿರುವಿನಲ್ಲಿ ಗಾಡಿ ವಾಲದೆ ನಿಂತದ್ದಕ್ಕೂ ಹೊಲದಲ್ಲಿ ಚಕ್ರ ಇಳಿಯದೆ ತೂಗಿದ್ದಕ್ಕೂ ಕಾರಣ ಒಂದೇ.

ದೊಡ್ಡಪ್ಪನಿಗೆ ಇದನ್ನು ವಿವರಿಸಿದಾಗ ಅವರು ತಕ್ಷಣ, "ನೊಗವನ್ನು ಮೂಕಿಗೆ ಹಗ್ಗದಲ್ಲಿ ಬಿಗಿಯುತ್ತೇವೆಯೇ ಹೊರತು ಬೋಲ್ಟ್ ಹಾಕುತ್ತೇವೆಯೇ? ಒಂದು ಎತ್ತು ಹಳ್ಳಕ್ಕೆ ಇಳಿದರೆ ಮೂಕಿ ಮುರಿಯುವುದಿಲ್ಲವೇ?" ಎಂದರು. ಮೂಕಿಯ ಬದಲು ನನ್ನ ಬ್ರಾಕೆಟ್ ಮುರಿಯಹೊರಟಿತ್ತು. ಮೇಸ್ತ್ರಿ ಕೆಸರು ಒರೆಸಿ ಟಾರ್ಚ್ ಬಿಟ್ಟು ತೋರಿಸಿದರು: ಎಡಗಡೆಯ ಬ್ರಾಕೆಟ್‌ನಲ್ಲಿ, ಬೆಸುಗೆಯ ಅಂಚಿನಲ್ಲೇ, ಕೂದಲೆಳೆಯಷ್ಟು ಸಣ್ಣ ಬಿರುಕು. ಅದರೊಳಗಿಂದ ತುಕ್ಕು ನೀರು ಇಳಿದು ಬಣ್ಣದ ಮೇಲೆ ಕಂದು ಗೆರೆ ಎಳೆದಿತ್ತು. ಕಪ್ಪು ಬಣ್ಣದ ಮೇಲಿನ ಆ ಕಂದು ಗೆರೆಯೇ ಗುರುತು, ಬರಿಯ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಗಟ್ಟಿತನಕ್ಕೊಂದು ಅಳತೆಯಿದೆ, ಶೋರ್ ಎ ಎನ್ನುತ್ತಾರೆ. ಸಾಮಾನ್ಯವಾಗಿ ಸಸ್ಪೆನ್ಷನ್ ರಬ್ಬರ್ 50ರಿಂದ 70ರ ನಡುವೆ, ಪಾಲಿ 80ರಿಂದ 95ರ ನಡುವೆ ಇರುತ್ತದೆ. ನನ್ನ ಕೆಂಪು ಬುಷ್ ಎಷ್ಟು ಎಂದು ಮಾರಿದವನನ್ನು ಕೇಳಿದೆ. "ಹೆವಿ ಡ್ಯೂಟಿ ಸರ್" ಎಂದ. ಸಂಖ್ಯೆ ಕೇಳಿದಾಗ ಹೀಗೆ ವಿಶೇಷಣ ಹೇಳುವವನ ಹತ್ತಿರ ಏನನ್ನೂ ಕೊಳ್ಳಬೇಡಿ.

ರಾಡ್ ಎಂಡ್ ಕಥೆ ಚಿಕ್ಕದು, ಆದರೆ ನನ್ನನ್ನು ಹೆದರಿಸಿದ್ದು ಅದೇ. ಅದಕ್ಕೆ ಧೂಳು ತಡೆಯುವ ರಬ್ಬರ್ ಟೋಪಿಯಿರಲಿಲ್ಲ, ಗ್ರೀಸ್ ತುಂಬುವ ನಿಪ್ಪಲ್ ಇರಲಿಲ್ಲ. ಕೆಂಪು ಮಣ್ಣು ಗುಂಡು ಮತ್ತು ಬಟ್ಟಲಿನ ನಡುವೆ ಸೇರಿ ಉಪ್ಪುಕಾಗದದಂತೆ ತೇಯ್ದುಹಾಕಿತು. ಐದನೆಯ ತಿಂಗಳಲ್ಲಿ ಬೆಂಗಳೂರು ಹೆದ್ದಾರಿಯಲ್ಲಿ, ಮದ್ದೂರು ದಾಟಿದ ಮೇಲೆ, ಸೇತುವೆಯ ಕೂಡಿಕೆಯೊಂದರ ಮೇಲೆ ಚಕ್ರ ಹಾರಿತು. ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಒದರತೊಡಗಿತು, ಎರಡು ಕೈಯಲ್ಲಿ ಹಿಡಿದರೂ ನಿಲ್ಲಲಿಲ್ಲ. ವೇಗ ನಲವತ್ತಕ್ಕೆ ಇಳಿದ ಮೇಲೆ ತಣ್ಣಗಾಯಿತು. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮೈಸೂರು ತಲುಪುವವರೆಗೆ ಒಂದು ಮಾತೂ ಆಡಲಿಲ್ಲ.

ಈ ರಾಡ್‌ನ ಕೀಲು ಸವೆದಿದೆಯೇ ಎಂದು ಪರೀಕ್ಷಿಸಲು ಗ್ಯಾರೇಜ್ ಬೇಕಿಲ್ಲ. ಗಾಡಿ ಚಕ್ರಗಳ ಮೇಲೇ ನಿಂತಿರಲಿ, ಜ್ಯಾಕ್ ಬೇಡ. ಇನ್ನೊಬ್ಬರು ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಅನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತಿರಲಿ. ನೀವು ಮುಂದೆ ಬಗ್ಗಿ ಪ್ಯಾನ್‌ಹಾರ್ಡ್ ರಾಡ್‌ನ ಎರಡೂ ತುದಿ ನೋಡಿ. ರಾಡ್ ಅಲುಗಿ ಬ್ರಾಕೆಟ್ ಅಲುಗದಿದ್ದರೆ ನಡುವಿನ ಕೀಲು ಹೋಗಿದೆ. ನನ್ನದರಲ್ಲಿ ಆ ಆಟ ಬರಿಗಣ್ಣಿಗೇ ಕಾಣುತ್ತಿತ್ತು.

ಆರೂ ಪಾಲಿ ಬುಷ್ ತೆಗೆಸಿ ಮತ್ತೆ ಕಂಪನಿಯ ರಬ್ಬರ್ ಹಾಕಿಸಲು ಇನ್ನೊಂದು ಗ್ಯಾರೇಜಿಗೆ ಹೋದೆ. ಇಲ್ಲಿ ಮತ್ತೊಂದು ಪೆಟ್ಟು. ಹುಡುಗರು ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರು. ರಬ್ಬರ್ ಬುಷ್ ಪಾಲಿಯ ಹಾಗೆ ಜಾರುವುದಿಲ್ಲ. ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ರಬ್ಬರ್ ಅಂಟಿಕೊಂಡಿರುತ್ತದೆ, ತಿರುಗುವುದೆಲ್ಲ ರಬ್ಬರಿನ ತಿರುಚುವಿಕೆಯಿಂದಲೇ. ಜೋತಾಡುವಾಗ ಬಿಗಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ, ಮನೆ ಮುಂದೆ ನಿಂತಿದ್ದರೂ. ನಾಲ್ಕು ತಿಂಗಳಿಗೆ ಎರಡು ಬುಷ್ ಸೀಳಿದವು. ಆಗ ನಾನು ಕಂಪನಿಯ ರಬ್ಬರನ್ನೇ ಬೈದೆ, ಕೆಂಪು ಮಾಲು ಮಾರಿದವನ ಮಾತು ನಿಜವಿರಬಹುದೇ ಎಂದೂ ಅನ್ನಿಸಿತ್ತು.

ಮೂರನೆಯ ಸಲ ಲೇತ್ ಮೇಸ್ತ್ರಿಯೇ ನಿಂತು ಮಾಡಿಸಿದರು. ಬುಷ್ ಒತ್ತುವಾಗ ಹುಡುಗ ಗ್ರೀಸ್ ಡಬ್ಬಿಗೆ ಕೈ ಹಾಕಿದ್ದಕ್ಕೆ ಗದರಿ ಸೋಪು ನೀರು ತರಿಸಿದರು, ಖನಿಜ ತೈಲದ ಗ್ರೀಸ್ ತಾಗಿದರೆ ರಬ್ಬರ್ ಉಬ್ಬುತ್ತದೆ. ಬೋಲ್ಟ್‌ಗಳನ್ನು ಸಡಿಲವಾಗಿ ಕೂರಿಸಿ, ಗಾಡಿ ಇಳಿಸಿ, ಬಂಪರ್ ಮೇಲೆ ಇಬ್ಬರನ್ನು ಹತ್ತಿಸಿ ನಾಲ್ಕು ಸಲ ಕುಣಿಸಿದರು. ಆಮೇಲೆ ತಾವೇ ಗೋಣಿಚೀಲ ಹಾಸಿ ಕೆಳಗೆ ನುಸುಳಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿದರು. ಅರವತ್ತು ದಾಟಿದ ಮನುಷ್ಯ. "ಲಿಫ್ಟ್ ಬಂದ ಮೇಲೆ ಹುಡುಗರಿಗೆ ಮಲಗಿ ಕೆಲಸ ಮಾಡುವುದು ಮರೆತುಹೋಗಿದೆ ಸರ್" ಎಂದು ನಕ್ಕರು.

ಪಾಲಿ ಎಲ್ಲ ಕಡೆಯೂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮಾರುತಿ ಜಿಪ್ಸಿಯ ಲೀಫ್ ಸ್ಪ್ರಿಂಗ್ ತುದಿಯ ಶ್ಯಾಕಲ್ ಕೊಂಡಿಯಂಥ, ಬಹುಪಾಲು ಒಂದೇ ದಿಕ್ಕಿನಲ್ಲಿ ತಿರುಗುವ ಜಾಗಕ್ಕೆ ಅದು ಒಗ್ಗುತ್ತದೆ, ಗ್ರೀಸ್ ಹಚ್ಚುತ್ತಿದ್ದರೆ ಸಾಕು. ಎಲ್ಲ ದಿಕ್ಕಿಗೂ ಹೊರಳಬೇಕಾದ ಜಾಗಕ್ಕೆ ರಬ್ಬರ್ ಸಾಲದು ಎನ್ನುವವರು ಪಾಲಿಮರ್ ಬಟ್ಟಲುಗಳ ನಡುವೆ ಉಕ್ಕಿನ ಗುಂಡು ಕೂರಿಸಿದ, ಗ್ರೀಸ್ ನಿಪ್ಪಲ್ ಇರುವ, ಬಿಚ್ಚಿ ಬಟ್ಟಲು ಬದಲಿಸಬಹುದಾದ ಕೀಲು ನೋಡಲಿ. ಜಾನಿ ಜಾಯಿಂಟ್ ಎನ್ನುವುದು ಆ ಬಗೆಯದು. ಆದರೆ ಅದಕ್ಕೆ ಆರ್ಮ್‌ಗಳನ್ನೇ ಬೇರೆ ಮಾಡಿಸಬೇಕು, ವಾರಕ್ಕೊಮ್ಮೆ ಹೊಲಕ್ಕೆ ಹೋಗುವ ನನ್ನಂಥವನಿಗೆ ಅದು ದುಬಾರಿ ಹುಚ್ಚು. ಪ್ಯಾನ್‌ಹಾರ್ಡ್ ರಾಡ್‌ನ ಎರಡೂ ತುದಿಗೆ ಈಗ ರಬ್ಬರ್ ಬುಷ್ ಇದೆ.

ಬಿರುಕು ಬಿಟ್ಟ ಬ್ರಾಕೆಟ್‌ಗೆ ಹಾಕಿಸಿದ ಬೆಸುಗೆಯ ಎರಡು ಕೊನೆಗೂ ಬಿಳಿ ಬಣ್ಣದ ಚುಕ್ಕೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಒರೆಸಿ, ಟಾರ್ಚ್ ಬಿಟ್ಟು, ಬಿರುಕು ಚುಕ್ಕೆ ದಾಟಿದೆಯೇ ಎಂದು ನೋಡುತ್ತೇನೆ. ಮೊನ್ನೆಯವರೆಗೆ ದಾಟಿರಲಿಲ್ಲ.