‘ಲೈಟ್’ ವಿಂಡೋಸ್ ಹಾಕಿಸಿಕೊಳ್ಳಬೇಡಿ: ಅಕ್ಕನ ಲ್ಯಾಪ್‌ಟಾಪ್‌ಗೆ ಆದದ್ದು

ಹಳೇ ಕಂಪ್ಯೂಟರ್ ನಿಧಾನ ಆಯ್ತು ಅಂತ ರಿಪೇರಿಗೆ ಕೊಟ್ಟಾಗ ‘ಲೈಟ್ ವಿಂಡೋಸ್ ಹಾಕಿಕೊಡ್ತೀನಿ, ತುಂಬಾ ಫಾಸ್ಟ್ ಆಗುತ್ತೆ’ ಅಂತ ಯಾರಾದರೂ ಹೇಳಿದರೆ, ದಯವಿಟ್ಟು ಬೇಡ ಅನ್ನಿ.

ನಮ್ಮಕ್ಕ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಅವಳ ಲ್ಯಾಪ್‌ಟಾಪ್ 2017ರದ್ದು. ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, 4 ಜಿಬಿ ರ್ಯಾಮ್, ಹಳೇ ಥರದ ಹಾರ್ಡ್ ಡಿಸ್ಕ್. ಕೊಂಡಾಗಲೇ ಒರಿಜಿನಲ್ ವಿಂಡೋಸ್ 10 ಹೋಮ್ ಬಂದಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಪರದೆಯ ಮೇಲೆ ಎಚ್ಚರಿಕೆ ಬರತೊಡಗಿದ ಮೇಲೆ ಭಾವ ಅದನ್ನು ಒಂದು ಅಂಗಡಿಗೆ ಕೊಟ್ಟರು. ಅಂಗಡಿಯವರು ‘ಲೈಟ್’ ವಿಂಡೋಸ್ 11 ಹಾಕಿಕೊಟ್ಟರು. ನಿಜಕ್ಕೂ ಬೇಗ ಆನ್ ಆಗುತ್ತಿತ್ತು, ಮನೆಯವರೆಲ್ಲ ಖುಷಿಪಟ್ಟರು.

ಮೊದಲು ಕೈಕೊಟ್ಟಿದ್ದು ಕನ್ನಡ. ಬ್ರೌಸರ್‌ನಲ್ಲಿ ಕನ್ನಡ ಅಕ್ಷರದ ಜಾಗದಲ್ಲೆಲ್ಲ ಚೌಕಗಳು ಕಾಣಿಸಿದವು. ವಿಂಡೋಸ್‌ನಲ್ಲಿ ಕನ್ನಡ ತೋರಿಸುವುದು ನಿರ್ಮಲ ಅನ್ನುವ ಫಾಂಟ್. ಅದನ್ನೇ ತೆಗೆದುಹಾಕಿದ್ದರು. ಭಾಷೆ ಸೇರಿಸಲು ಹೋದರೆ ಡೌನ್‌ಲೋಡ್ ಆಗುತ್ತಿರಲಿಲ್ಲ, ಯಾಕಂದರೆ ಭಾಷೆಯ ಕಡತಗಳು ಬರುವುದು ವಿಂಡೋಸ್ ಅಪ್‌ಡೇಟ್ ಮೂಲಕ. ಆ ಅಪ್‌ಡೇಟ್ ಸೇವೆಯೂ ಇರಲಿಲ್ಲ. ಪ್ರಿಂಟರ್ ಸೇರಿಸಲೂ ಆಗಲಿಲ್ಲ. ಪ್ರಿಂಟಿಂಗ್ ನೋಡಿಕೊಳ್ಳುವ ಸ್ಪೂಲರ್ ಅನ್ನೂ ಕಿತ್ತಿದ್ದರು. ಪರೀಕ್ಷೆ ಹತ್ತಿರ ಇದ್ದ ಟೀಚರಿಗೆ ಕನ್ನಡವೂ ಇಲ್ಲ, ಪ್ರಿಂಟೂ ಇಲ್ಲ.

ಆ ವೇಗ ಎಲ್ಲಿಂದ ಬಂತು ಅಂತ ನನಗೆ ಆಗ ಗೊತ್ತಾಯಿತು. ಲೈಟ್ ಅಂದರೆ ಯಾರೋ ಅಪರಿಚಿತರು ವಿಂಡೋಸ್‌ನ ಕಡತವನ್ನು ಬಿಚ್ಚಿ, ತಮಗೆ ಬೇಡ ಅನ್ನಿಸಿದ್ದನ್ನು ಕಿತ್ತು, ಮತ್ತೆ ಕಟ್ಟಿ ಇಂಟರ್ನೆಟ್‌ಗೆ ಬಿಟ್ಟಿದ್ದು. ಏನು ಕಿತ್ತರು ಅನ್ನುವುದಾದರೂ ಬಳಸುತ್ತಾ ಬಳಸುತ್ತಾ ಗೊತ್ತಾಗುತ್ತದೆ. ಏನು ಸೇರಿಸಿದರು ಅನ್ನುವುದು ಗೊತ್ತಾಗಲ್ಲ.

ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ವೈರಸ್ ಹಿಡಿಯುವ ವಿಂಡೋಸ್ ಡಿಫೆಂಡರ್ ಅರ್ಧ ಸತ್ತಿತ್ತು. ಇಡೀ ಸಿ ಡ್ರೈವನ್ನು ‘ಎಕ್ಸ್‌ಕ್ಲೂಶನ್’ ಪಟ್ಟಿಗೆ ಹಾಕಿದ್ದರು, ಅಂದರೆ ಅಲ್ಲಿ ಏನಿದ್ದರೂ ನೋಡಬೇಡ ಅಂತ. ಸುಳ್ಳು ಲೈಸೆನ್ಸ್ ಕೊಡುವ ಆಕ್ಟಿವೇಟರ್ ಅನ್ನು ಡಿಫೆಂಡರ್ ಹಿಡಿಯುತ್ತದೆ, ಅದಕ್ಕೇ ಹೀಗೆ ಮಾಡುತ್ತಾರೆ. ಒಂದು ದಿನ ಅಕ್ಕನ ಜಿಮೇಲ್‌ನಿಂದ ಶಾಲೆಯವರಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆಲ್ಲ ಯಾವುದೋ ಲಿಂಕ್ ಹೋಯಿತು. ಅವಳು ಎರಡು ಹಂತದ ಭದ್ರತೆ ಹಾಕಿಕೊಂಡಿದ್ದಳು, ಆದರೂ ಒಟಿಪಿ ಬರಲೇ ಇಲ್ಲ. ನಾನು ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಸ್ಕ್ಯಾನ್ ಮಾಡಿದಾಗ ಬ್ರೌಸರ್‌ನ ಪಾಸ್‌ವರ್ಡ್, ಕುಕಿಗಳನ್ನು (ನೀವು ಲಾಗಿನ್ ಆಗಿದ್ದೀರಿ ಅಂತ ನೆನಪಿಡುವ ಸಣ್ಣ ಕಡತಗಳು) ಕದಿಯುವ ಟ್ರೋಜನ್, ಅಂದರೆ ಕಳ್ಳ ತಂತ್ರಾಂಶ ಸಿಕ್ಕಿತು. ಲಾಗಿನ್ ಆಗಿರುವ ಬ್ರೌಸರ್‌ನ ಕುಕಿ ಕಳ್ಳನ ಕೈಗೆ ಹೋದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಎಷ್ಟೋ ವರ್ಷ ಪಾಠ ಮಾಡಿ ಗಳಿಸಿದ ಹೆಸರಿರುವವಳು ಮನೆಮನೆಗೆ ಫೋನ್ ಮಾಡಿ ‘ಆ ಲಿಂಕ್ ಒತ್ತಬೇಡಿ’ ಅಂತ ಹೇಳಬೇಕಾಯಿತು. ನನಗೆ ಸಂಕಟ ಆಗಿದ್ದು ಅದಕ್ಕೆ.

ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ಕೊಂಡರೆ ವಿಂಡೋಸ್ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಆವೃತ್ತಿಯ ವಿಂಡೋಸ್ ಮತ್ತೆ ಹಾಕಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಅಕ್ಕ ದುಡ್ಡು ಕೊಟ್ಟು ಪಡೆದ ಹೋಮ್ ಲೈಸೆನ್ಸ್ ಇದ್ದಾಗಲೂ ಕಳ್ಳ ಕೀಯ ಎಂಟರ್‌ಪ್ರೈಸ್ (ಕಂಪನಿಗಳಿಗೆಂದು ಇರುವ ವಿಂಡೋಸ್) ಹಾಕಿ, ಮೇಲಿಂದ ಚಾರ್ಜ್ ಬೇರೆ ತಗೊಂಡಿದ್ದರು!

ನಿಮ್ಮದನ್ನೂ ಈಗಲೇ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್. ಮನೆಗೆಂದು ಕೊಂಡ ಲ್ಯಾಪ್‌ಟಾಪ್‌ನಲ್ಲಿ ಎಂಟರ್‌ಪ್ರೈಸ್ ಅಂತ ಇದ್ದರೆ ಅನುಮಾನಪಡಿ. ವಿಂಡೋಸ್ ಸೆಕ್ಯುರಿಟಿ ತೆರೆದು ಎಕ್ಸ್‌ಕ್ಲೂಶನ್ ಪಟ್ಟಿ ನೋಡಿ, ನೀವು ಹಾಕದೇ ಇದ್ದದ್ದು ಅಲ್ಲಿ ಇರಬಾರದು. ಅಪ್‌ಡೇಟ್ ಪುಟ ತೆರೆಯದಿದ್ದರೆ ಅದು ಲೈಟ್ ಆಗಿರುವ ಸಾಧ್ಯತೆ ಹೆಚ್ಚು.

ಅಕ್ಕನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಇಂಟೆಲ್‌ನಲ್ಲಿ ಅದು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್ ಈ ಲ್ಯಾಪ್‌ಟಾಪ್‌ಗೆ ಚೆನ್ನಾಗಿ ಹೊಂದುತ್ತದೆ. ಪೆನ್ ಡ್ರೈವ್‌ನಿಂದಲೇ ಓಡಿಸಿ ವೈಫೈ, ಪ್ರಿಂಟರ್ ಎಲ್ಲ ನೋಡಿ ಆಮೇಲೆ ಹಾಕಿಕೊಳ್ಳಬಹುದು. ಬರೀ ಬ್ರೌಸರ್, ವಿಡಿಯೋ, ಪತ್ರ ಬರೆಯುವ ಕೆಲಸ ಇದ್ದವರಿಗೆ ನಾನು ಅದನ್ನೇ ಹೇಳ್ತೀನಿ. ಆದರೆ ಅಕ್ಕನ ಹಳೇ ಪ್ರಶ್ನೆಪತ್ರಿಕೆಗಳೆಲ್ಲ ‘ನುಡಿ’ಯಲ್ಲಿವೆ, ಅದು ಕನ್ನಡ ಟೈಪ್ ಮಾಡುವ ವಿಂಡೋಸ್ ತಂತ್ರಾಂಶ. ಹಾಗಾಗಿ ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ವಿಂಡೋಸ್ 10 ಇಳಿಸಿ, 8 ಜಿಬಿ ಪೆನ್ ಡ್ರೈವ್‌ಗೆ ಹಾಕಿ, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆ. ಕೀ ಕೇಳಲೇ ಇಲ್ಲ. ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಕೊಟ್ಟೆ. ಮೈಕ್ರೋಸಾಫ್ಟ್ ಖಾತೆಗೆ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡಿಲ್ಲದೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಅಷ್ಟರೊಳಗೆ ಅವಳ ಕಡತಗಳನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಲ್ಲೂ ಓದಲಾಗುವ ಅಕ್ಷರ ಪದ್ಧತಿ) ಬದಲಾಯಿಸಿ ಮಿಂಟ್‌ಗೆ ಹೋಗುವ ಯೋಚನೆ ಇದೆ.

ವೇಗಕ್ಕೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದೆ, ರ್ಯಾಮ್ 8 ಜಿಬಿ ಮಾಡಿದೆ. ಸ್ಟಾರ್ಟಪ್‌ನಲ್ಲಿ ಸುಮ್ನೆ ಶುರುವಾಗುತ್ತಿದ್ದವನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಲ್ಲಿಸಿದೆ. ಲೈಟ್‌ಗಿಂತ ಬೇಗ ಆನ್ ಆಗುತ್ತದೆ. ರಿಜಿಸ್ಟ್ರಿ ಕ್ಲೀನರ್, ಬೂಸ್ಟರ್ ಯಾವುದೂ ಬೇಕಾಗಲಿಲ್ಲ.

ಹೊಸ ಲ್ಯಾಪ್‌ಟಾಪ್ ಇದ್ದವರಿಗೂ ಒಂದು ಮಾತು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಬಹಳಷ್ಟು ಯಂತ್ರಗಳಲ್ಲಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಅದಕ್ಕೆ ಬೀಗ ಬೀಳುತ್ತದೆ. ಅದನ್ನು ಬಿಡಿಸುವ 48 ಅಂಕಿಯ ಕೀ ಆ ಖಾತೆಗೆ ಹೋಗುತ್ತದೆ. ಅಂಗಡಿಯ ಹುಡುಗ ತನ್ನ ಖಾತೆ ಬಳಸಿದರೆ ನಿಮ್ಮ ಫೋಟೋಗಳ ಬೀಗದ ಕೈ ಅವನ ಹತ್ತಿರ ಇರುತ್ತದೆ. ನಿಮ್ಮ ಖಾತೆಯನ್ನು ನೀವೇ ಎದುರಿಗೆ ಕೂತು ಹಾಕಿ.

ಈಗಾಗಲೇ ಲೈಟ್ ಇದ್ದರೆ ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರ್‌ನಿಂದ ಬದಲಾಯಿಸಬೇಡಿ, ಹೊಸದನ್ನೂ ಅದು ಕದಿಯಬಹುದು. ಮೊಬೈಲ್‌ನಿಂದ ಬದಲಾಯಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ. ನಿಮ್ಮ ಫೋಟೋ, ಕಡತಗಳನ್ನು ಮಾತ್ರ ಹೊರಗಿನ ಡಿಸ್ಕ್‌ಗೆ ತೆಗೆದಿಟ್ಟು, ಉಳಿದದ್ದನ್ನೆಲ್ಲ ಅಳಿಸಿಬಿಡಿ.