ಐರೋಪ್ಯ ಸಂಸತ್ತಿನ ಅಧ್ಯಯನಕ್ಕೆ ಯಾವ ದಾಖಲೆ: ಚರ್ಚೆಯೋ, ಮತಪಟ್ಟಿಯೋ, ಅಂಗೀಕೃತ ಪಠ್ಯವೋ?

ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಸಂಸತ್ತಿನ ಪೂರ್ಣಾಧಿವೇಶನದಲ್ಲಿ, ಎಂದರೆ ಎಲ್ಲ ಸದಸ್ಯರ ಸಭೆಯಲ್ಲಿ, ನಡೆಯುವ ಶಾಸನ ಕಾರ್ಯದ ಬಗ್ಗೆ ಪ್ರಬಂಧ ಬರೆಯಲು ಈ ಮೂರರಲ್ಲಿ ಯಾವುದನ್ನು ಆಧಾರವಾಗಿಟ್ಟುಕೊಳ್ಳಬೇಕೆಂದು ಕೇಳಿದ್ದೀರಿ.

ಭಾಷೆಯ ದೃಷ್ಟಿಯಿಂದ ಅಂಗೀಕೃತ ಪಠ್ಯವೇ (ಸಂಸತ್ತು ಮತ ಹಾಕಿ ಒಪ್ಪಿದ ರೂಪ) ಸುಲಭ, ಏಕೆಂದರೆ ಅದು ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಸಿಗುತ್ತದೆ. ಚರ್ಚೆಯ ಲಿಖಿತ ವರದಿಯಲ್ಲಾದರೋ ಪ್ರತಿಯೊಬ್ಬರ ಮಾತೂ ಅವರು ಆಡಿದ ಭಾಷೆಯಲ್ಲೇ ಇರುತ್ತದೆ. ಪೋಲಿಷ್ ಪುಟದ ಬೆನ್ನಿಗೇ ಫ್ರೆಂಚ್ ಬಂದಾಗ ಓದು ನಿಂತುಹೋಗುತ್ತದೆ. ಭಾಷಾಂತರದ ಧ್ವನಿಯಿರುವ ವಿಡಿಯೊ ಅಲ್ಲಿ ನೆರವಿಗೆ ಬರುತ್ತದೆ, ಆದರೆ ಸಮಯ ಬೇಡುತ್ತದೆ.

ಯಾರು ಎಲ್ಲಿ ನಿಂತರು ಎಂಬುದಕ್ಕೆ ಹೆಸರುವಾರು ಮತಪಟ್ಟಿಗೆ, ಎಂದರೆ ಯಾವ ಸದಸ್ಯರು ಹೇಗೆ ಮತ ಹಾಕಿದರೆಂಬ ದಾಖಲೆಗೆ, ಸಮನಾದುದಿಲ್ಲ. ನಿಸರ್ಗ ಪುನಃಸ್ಥಾಪನಾ ಕಾನೂನನ್ನೇ ನೋಡಿ: 2023ರ ಜುಲೈ 12ರಂದು ಅದನ್ನು ತಿರಸ್ಕರಿಸುವ ಪ್ರಸ್ತಾವಕ್ಕೆ 312 ಮತ ಪರವಾಗಿ, 324 ವಿರೋಧವಾಗಿ ಬಿದ್ದವು; 12 ಸದಸ್ಯರು ತಟಸ್ಥರಾದರು. 2024ರ ಫೆಬ್ರವರಿ 27ರಂದು 329 ಮತಗಳಿಂದ, 275ರ ವಿರೋಧದ ನಡುವೆ, ಅದು ಅಂಗೀಕಾರವಾಯಿತು. ಪಕ್ಷಗುಂಪುಗಳ (ಬೇರೆ ಬೇರೆ ದೇಶಗಳ ಸಮಾನ ನಿಲುವಿನ ಪಕ್ಷಗಳ ಸದಸ್ಯರು ಸೇರಿದ ಬಣಗಳ) ಒಳಗಿನ ಬಿರುಕು ಈ ಪಟ್ಟಿಗಳಲ್ಲೇ ಕಣ್ಣಿಗೆ ಬೀಳುತ್ತದೆ, ಮತ್ತು ನನಗೆ ಸಂಸತ್ತು ನಿಜವಾಗಿ ಜೀವಂತವೆನಿಸುವುದೂ ಅಲ್ಲಿಯೇ. ಆದರೆ ಕೈ ಎತ್ತಿ ಮುಗಿಸಿದ ಮತದಾನಕ್ಕೆ ಇಂಥ ಪಟ್ಟಿ ಇರುವುದಿಲ್ಲ.

ಕಾರಣಗಳಿಗೆ ಮಾತ್ರ ಚರ್ಚೆಗೇ ಹೋಗಬೇಕು. ಕಾನೂನಿನ ಒಕ್ಕಣೆಯೇ ನಿಮ್ಮ ವಿಷಯವಾದರೆ ಅಂಗೀಕೃತ ಪಠ್ಯವನ್ನೂ, ಪಕ್ಷನಿಷ್ಠೆ ವಿಷಯವಾದರೆ ಮತಪಟ್ಟಿಯನ್ನೂ, ವಾದಸರಣಿಯಾದರೆ ಚರ್ಚೆಯನ್ನೂ ಮೊದಲು ತೆರೆಯಿರಿ.